ಪಾದಪಥ ನಿರ್ಣಯ ಅಥವಾ ಗುಲಗಂಜಿ ಸಿದ್ಧಾಂತ

ವಿಷಯ ಪ್ರವೇಶ

ಊರೊಳಗೆ ನಡೆದು ಹೋಗುವ ಮನುಷ್ಯ ಬೀದಿ ಕವಲೊಡೆಯುವಲ್ಲಿ ಎಡಕ್ಕೇ ಏಕೆ ಹೊರಳುತ್ತಾನೆ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಕಡೆಗಣಿಸಿದ್ದಾರೆ. ಪರಲೋಕದ ದಾರಿಯನ್ನು ಮಾತ್ರ ತಮಗಿಟ್ಟುಕೊಂಡು, ಬಸ್ ಸ್ಟ್ಯಾಂಡಿನಿಂದ ದೇವಸ್ಥಾನಕ್ಕೆ ಹೋಗುವ ದಾರಿಯನ್ನು ಆಟೋದವರಿಗೆ ಬಿಟ್ಟರು. ಆ ಕೊರತೆಯನ್ನು ನಂಜನಗೂಡು, ತಿ. ನರಸೀಪುರಗಳ ಆಧಾರದಿಂದ ತುಂಬುವುದೇ ಪ್ರಸ್ತುತ ಗ್ರಂಥದ ಉದ್ದೇಶ.

ವ್ಯಾಖ್ಯೆ

ಸ್ವಂತ ಕಾಲಿನ ಮೇಲೆ, ಸ್ವಂತ ಇಚ್ಛೆಯಿಂದ ಸಾಗುವವನು ಪಾದಚಾರಿ. ನಂಜನಗೂಡಿನ ಶ್ರೀಕಂಠೇಶ್ವರನಿಗೆ ಉರುಳುಸೇವೆ ಸಲ್ಲಿಸುವವರಲ್ಲಿ ಇಚ್ಛೆಯುಂಟು, ಕಾಲಿನ ಬಳಕೆಯಿಲ್ಲ. ದೊಡ್ಡಜಾತ್ರೆಯಲ್ಲಿ ಐದು ತೇರು ಹೊರಟ ಮೇಲೆ ರಥಬೀದಿಯಲ್ಲಿರುವವರಿಗೆ ಕಾಲುಂಟು, ಇಚ್ಛೆಯಿಲ್ಲ. ಹಿಂದಿನ ಜನ ನೂಕಿದತ್ತ ಗಮನ. ಇಬ್ಬರನ್ನೂ ಗೌರವಪೂರ್ವಕವಾಗಿ ಕೈಬಿಟ್ಟಿದೆ.

ಪೂರ್ವಪಕ್ಷ

1735ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಪೀಟರ್ಸ್‌ಬರ್ಗಿನ ಅಕಾಡೆಮಿಯ ಮುಂದೆ ಒಂದು ಪ್ರಬಂಧ ಮಂಡಿಸಿದ. ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಊರು ಸುತ್ತುವುದು ಅಸಾಧ್ಯವೆಂದು ಸಾಧಿಸಿದ. ಅದೇ 1735 ನಂಜನಗೂಡಿನ ಬಳಿ ಕಪಿಲೆಗೆ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆಯ ಕಾಲವೂ ಹೌದು. ದಾಟಲಾಗದೆಂದು ಅಲ್ಲಿ ಏಳು ಸೇತುವೆಯಿಟ್ಟುಕೊಂಡು ತರ್ಕಿಸುತ್ತಿದ್ದಾಗ, ಇಲ್ಲಿ ಒಂದೇ ಸೇತುವೆಯಲ್ಲಿ ಜನ, ಗಾಡಿ, ಮುಂದೆ ರೈಲು ಕೂಡ ದಾಟಿದವು. ಆಯ್ಲರನ ಪಕ್ಷ ಇಲ್ಲಿಗೆ ಖಂಡಿತವಾಯಿತು.

ಎರಡನೆಯ ಪಕ್ಷ ಅಮೆರಿಕದ ಎಂಐಟಿಯವರದು. 14,000ಕ್ಕೂ ಹೆಚ್ಚು ಜನರ ಐದೂವರೆ ಲಕ್ಷ ನಡಿಗೆಗಳನ್ನು ಮೊಬೈಲಿನ ಜಾಡಿನಿಂದ ಪರೀಕ್ಷಿಸಿ, 2021ರಲ್ಲಿ ಅವರು ಹೇಳಿದ್ದಿಷ್ಟು: ಮನುಷ್ಯ ಹತ್ತಿರದ ದಾರಿಯನ್ನು ಹಿಡಿಯುವುದಿಲ್ಲ; ಸ್ವಲ್ಪ ದೂರವಾದರೂ ಸರಿ, ಹೋಗಬೇಕಾದ ಜಾಗದ ದಿಕ್ಕಿಗೇ ಮುಖಮಾಡುವ ಬೀದಿಯನ್ನು ಹಿಡಿಯುತ್ತಾನೆ. ಅಂದರೆ ಮೂಗಿನ ನೇರಕ್ಕೆ ಹೋಗುತ್ತಾನೆ. ನಂಜನಗೂಡಿನಲ್ಲಿ ಇದು ಒಪ್ಪತಕ್ಕದ್ದೇ. ಏಳು ನೆಲೆಯ ರಾಜಗೋಪುರ ಎಲ್ಲರ ಮೂಗನ್ನೂ ತನ್ನತ್ತ ಎಳೆಯುತ್ತದೆ. ನರಸೀಪುರದಲ್ಲಿ ಮಾತ್ರ ಅಪಾಯ. ಗುಂಜಾ ನರಸಿಂಹಸ್ವಾಮಿ ಹೊಳೆಯ ಈಚೆ, ಅಗಸ್ತ್ಯೇಶ್ವರ ಆಚೆ. ಹರಿಯ ಗುಡಿಯಿಂದ ಹರನ ಗುಡಿಗೆ ಮೂಗಿನ ನೇರಕ್ಕೆ ಹೊರಟವನಿಗೆ ದರ್ಶನಕ್ಕೆ ಮೊದಲೇ ತೀರ್ಥಸ್ನಾನ ಪ್ರಾಪ್ತಿ.

ಸಿದ್ಧಾಂತ

ನರಸೀಪುರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಸ್ಥಳದ ನಂಬಿಕೆ. ಒಂದು ಗುಲಗಂಜಿ ಸುಮಾರು 120 ಮಿಲಿಗ್ರಾಂ. ಇಷ್ಟರಿಂದ ಕ್ಷೇತ್ರವೇ ಮೇಲಾಗುವುದಾದರೆ ಬೀದಿ ಮೇಲಾಗದೇ? ಆದುದರಿಂದ ಸೂತ್ರ: *ಎರಡು ದಾರಿಗಳಲ್ಲಿ ಒಂದು ಗುಲಗಂಜಿ ಹೆಚ್ಚು ತೂಗುವುದೇ ದಾರಿ.*

ತೂಕದ ಪಟ್ಟಿ ಹೀಗಿದೆ. ಹೊಂಗೆಯ ನೆರಳು, ಎರಡು ಗುಲಗಂಜಿ. ಫಿಲ್ಟರ್ ಕಾಫಿಯ ಘಮ, ಮೂರು. ಜಗಲಿಯಲ್ಲಿ ಕೂತು "ಏನ್ರಣ್ಣ, ಎತ್ಲಾಗೆ ಹೊಂಟ್ರಿ?" ಎನ್ನುವ ಹಿರಿಯರು, ಋಣ ಒಂದು. "ಮಗಂಗೆ ಹೆಣ್ಣು ಗೊತ್ತಾಯ್ತಾ?" ಎಂದೂ ಕೇಳಿದರೆ ಋಣ ಐದು. ಸಾಲ ಕೊಟ್ಟವನ ಅಂಗಡಿ, ಋಣ ಅನಂತ.

ಆಕ್ಷೇಪ, ಸಮಾಧಾನ

ತೂಕವೇ ಪ್ರಮಾಣವಾದರೆ ಹೋದ ದಾರಿಯಲ್ಲೇ ಬರಬೇಕಲ್ಲ? ಹಾಗೆ ಬರುವುದಿಲ್ಲವೆಂಬುದನ್ನು ಎಂಐಟಿಯವರೂ ಕಂಡಿದ್ದಾರೆ. ಅವರಿಗೆ ಸಿಗದ ಸಮಾಧಾನ ನಂಜನಗೂಡಿನಲ್ಲಿದೆ. ಹೋಗುವಾಗ ಬರಿಗೈ, ಬರುವಾಗ ಚೀಲದಲ್ಲಿ ರಸಬಾಳೆ. ಸೊರಗು ರೋಗದ ಹಾವಳಿಗೆ ಸಿಕ್ಕು ಅದು ಅಪರೂಪದ ಹಣ್ಣಾಗಿದೆ. ಭಾವನವರ ಬೀದಿಯಲ್ಲಿ ಬಂದರೆ ಅರ್ಧ ಚಿಪ್ಪು ಅಲ್ಲೇ ಇಳಿಯುತ್ತದೆ. ಬೆಳಿಗ್ಗೆ ಕಾಫಿಯ ಆಸೆಗೆ ಮೂರು ಗುಲಗಂಜಿ ತೂಗಿದ್ದ ಬೀದಿ ಹೀಗೆ ಸಂಜೆ ಬರಿದಾಗುತ್ತದೆ. ಅವರು ನಡಿಗೆ ಅಳೆದ ಬಾಸ್ಟನ್ನಿನಲ್ಲಿ ರಸಬಾಳೆಯ ಅಭಾವದಿಂದ ಸಂಶೋಧನೆ ಅಪೂರ್ಣವಾಯಿತೆಂದು ತಿಳಿಯತಕ್ಕದ್ದು.

ಮೊಬೈಲಿನ ನಕಾಶೆ ತೋರಿಸುವ ದಾರಿಗೇನು ಗತಿ ಎಂದರೆ, ಅದು ಮೀಟರನ್ನು ಬಲ್ಲದು, ಭಾವನವರನ್ನು ಅರಿಯದು. ಊರಿನವನ ತಲೆಯಲ್ಲಿರುವ ನಕಾಶೆಯಲ್ಲಿ ಬೀದಿಗಳಿಗಿಂತ ಮನುಷ್ಯರೇ ಹೆಚ್ಚು. ಯಾರನ್ನು ಕಾಣಬೇಕು, ಯಾರಿಗೆ ಕಾಣಬಾರದು ಎಂಬುದು ತೀರ್ಮಾನವಾದ ಮೇಲೆ ಕಾಲಿಗೆ ಉಳಿಯುವುದು ಬರೀ ಗುಮಾಸ್ತಿಕೆ.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದ ಸಾಲ ಪಡೆದವನು ಯಾರ ಕಣ್ಣಿಗೂ ಬೀಳದೆ ಊರು ದಾಟುವನು. ಸಾಲ ಕೊಟ್ಟವನು ಓದಿದರೆ, ಪಡೆದವನು ಬರುವ ಬೀದಿಯಲ್ಲಿ ಮೊದಲೇ ಹೋಗಿ ನಿಲ್ಲುವನು. ಇಬ್ಬರೂ ಓದಿದಲ್ಲಿ ಭೇಟಿ ಸೇತುವೆಯ ಮೇಲೆ ನಿಶ್ಚಿತ. ಅಲ್ಲಿ ಅಡ್ಡಬೀದಿ ಇಲ್ಲ.