ಹರಿಗೋಲಿನಲ್ಲಿ ಹೋದ ಗುಂಡು

ಹೊಸಪೇಟೆಯ ನಮ್ಮ ಮನೆಯ ನಡುಗೋಡೆಯು ಎರಡು ಮೊಳ ದಪ್ಪದ ಕಲ್ಲುಗೋಡೆಯಾದುದರಿಂದ, ಪಡಸಾಲೆಯ ವೈಫೈ ಪೆಟ್ಟಿಗೆಯಿಂದ ಹೊರಟ ಅಲೆಗಳು ಒಳಕೋಣೆಯಲ್ಲಿ ಬಿಜಿಎಂಐ ಎಂಬ ಗುಂಡಿನಾಟವನ್ನು ಮೊಬೈಲಿನಲ್ಲಿ ಆಡುತ್ತ ಕುಳಿತ ಅಕ್ಕನ ಮಗನನ್ನು ಸೇರುವಷ್ಟರಲ್ಲಿ ಅರ್ಧಪ್ರಾಣವಾಗಿರುತ್ತಿದ್ದುವು. “ಮಾವಾ, ಮೊದಲು ಹೊಡೆದವನು ನಾನೇ, ಲ್ಯಾಗ್ ಆಗಿ ಸತ್ತೆ!” ಎಂಬ ಪ್ರಲಾಪವು ದೀಪ ಹಚ್ಚುವ ಹೊತ್ತಿಗೆ ತಪ್ಪದೆ ಕೇಳಿಬರುತ್ತಿತ್ತು.

ಅಂತರಜಾಲದಲ್ಲಿ ಮಾಹಿತಿಯು ತುಂಡುತುಂಡಾಗಿ ಸಾಗುವ ಪ್ಯಾಕೆಟ್ಟಿನ ತತ್ತ್ವವು ನನಗೆ ಬೋಧೆಯಾದುದು ಹಂಪಿಯ ಬಳಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟುವಾಗ. ದಿಬ್ಬಣವೊಂದು ಹತ್ತು ಹರಿಗೋಲುಗಳಲ್ಲಿ ಹಂಚಿಕೊಂಡು ಹೊರಟರೆ, ಒಂದು ಸುಳಿಗೆ ಸಿಕ್ಕಿ ಗಿರಗಿರನೆ ತಿರುಗೀತು, ಇನ್ನೊಂದು ದಡವನ್ನೇ ಕಾಣದೆ ಹೋದೀತು. ಮಿಂಚಂಚೆಯಾದರೆ ತಪ್ಪಿದವರನ್ನು ಮರಳಿ ಕರೆಸಿಕೊಳ್ಳುವುದುಂಟು, ಆಟದ ಯುಡಿಪಿ ಪದ್ಧತಿಯಲ್ಲಾದರೋ ಕಾಯುವವರಿಲ್ಲ. ಮುಹೂರ್ತ ಮೀರಿ ಬಂದ ವರನಿಂದ ಏನು ಪ್ರಯೋಜನ?

ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದರಿಂದ, ಬೆಂಗಳೂರಿಗೆ ಹೋಗಿಬರಲು 4 ಮಿಲಿಸೆಕೆಂಡು ಧಾರಾಳವಾಯಿತು. ಆದರೂ ನಮ್ಮ ಪಿಂಗ್, ಎಂದರೆ ಹೋಗಿಬರುವ ಹೊತ್ತು, 300 ಮಿಲಿಸೆಕೆಂಡು! ಶೋಧಿಸಲಾಗಿ, ಅಕ್ಕನು ಸಂಡೂರಿನ ಕುಮಾರಸ್ವಾಮಿ ಬೆಟ್ಟದ ವಿಡಿಯೋಗಳನ್ನು ಬಂಧುವರ್ಗಕ್ಕೆ ಕಳುಹಿಸುತ್ತಿದ್ದಳು. ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಿದ ಸೈಕಲ್ಲಿನಂತೆ ಹುಡುಗನ ಗುಂಡುಗಳು ರೌಟರಿನಲ್ಲಿ ಸರದಿ ಕಾಯುತ್ತಿದ್ದುವು.

ಆಕೆಯ ಸತ್ಕಾರ್ಯವನ್ನು ರಾತ್ರಿಗೆ ಮುಂದೂಡಿಸಿ, ಕಂಪ್ಲಿಯ ಮೇಸ್ತ್ರಿಯೊಬ್ಬರಿಂದ ಗೋಡೆ ಕೊರೆಯಿಸಿ ಲ್ಯಾನ್ ತಂತಿಯನ್ನೆಳೆಸಿದೆನು. ಪಿಂಗ್ 30ಕ್ಕಿಳಿಯಿತು. ಹುಡುಗನು ಈಗಲೂ ಸಾಯುತ್ತಾನೆ. ಕಾರಣ ಕೇಳಿದರೆ, ಬೆರಳು ಬೆವರಿತಂತೆ.