ನಿಮಗೇನಾಗಬೇಕು?

ವೀಸಾ ಕೌಂಟರಿನಲ್ಲಿದ್ದ ಹುಡುಗಿ ನನ್ನ ಅರ್ಜಿಯನ್ನು ಎರಡು ಸಲ ಓದಿ ತಲೆಯೆತ್ತಿದಳು. “ಡೆನ್ಮಾರ್ಕಿನಲ್ಲಿ ಸಂಬಂಧಿಕರ ಮನೆಗೆ ಅಂತ ಬರೆದಿದ್ದೀರಲ್ಲ, ಅವರು ನಿಮಗೇನಾಗಬೇಕು?”

ಈ ಪ್ರಶ್ನೆ ಬರುತ್ತದೆಂದು ಮೈಸೂರಿನಿಂದ ಬೆಂಗಳೂರಿನವರೆಗೂ ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. “ನನ್ನ ಅಳಿಯನ ತಾಯಿಯ ಮುತ್ತಜ್ಜನ ಅಣ್ಣನ ಮರಿಮಗಳು” ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಹುಡುಗಿ ಪೆನ್ನು ಕೆಳಗಿಟ್ಟಳು.

“ಫ್ರೆಂಡ್ಸ್ ಅಂತ ಹಾಕ್ಲಾ ಆಂಟಿ?”

ಹಾಕಮ್ಮ ಎಂದೆ. ಒಂದು ಸಲವೂ ಮುಖ ನೋಡದವರೊಡನೆ ಸರ್ಕಾರದ ದಾಖಲೆಯಲ್ಲಿ ನನಗೆ ಸ್ನೇಹ ಕುದುರಿತು.

ಇದಕ್ಕೆಲ್ಲ ಮೂಲ ನಮ್ಮ ಬೀಗಿತ್ತಿ. ಅಮೆರಿಕದ ಅಯೋವಾದಲ್ಲಿ ಕೆಲಸಕ್ಕೆ ಸೇರಿದ ಮಗಳು ಅಲ್ಲಿಯ ಡೇನಿಷ್ ಮೂಲದ ಹುಡುಗನ ಕೈ ಹಿಡಿದಳು. ಅವನ ತಾಯಿ ಮೇಷ್ಟ್ರಗಿರಿಯಿಂದ ನಿವೃತ್ತರಾದ ಮಾರನೆಯ ದಿನ ವಂಶವೃಕ್ಷ ಹತ್ತಿದವರು ಇನ್ನೂ ಇಳಿದಿಲ್ಲ. ಅವರನ್ನೂ ದೂರುವಂತಿಲ್ಲ. ಅದೇ ಸೀಮೆಯ ಎಲ್ಕ್ ಹಾರ್ನ್ ಎಂಬ ಊರಿನವರು 1848ರ ಒಂದು ಗಾಳಿಗಿರಣಿಯನ್ನು ಡೆನ್ಮಾರ್ಕಿನಲ್ಲಿ ಬಿಚ್ಚಿ, 1976ರಲ್ಲಿ ಹಡಗಿನಲ್ಲಿ ತಂದು ತಮ್ಮೂರಿನಲ್ಲಿ ಜೋಡಿಸಿಕೊಂಡಿದ್ದಾರೆ. ಗಿರಣಿಯನ್ನೇ ಹೊತ್ತು ತಂದವರ ನೆರೆಯಲ್ಲಿದ್ದು, ಮುತ್ತಜ್ಜನ ಮನೆಯ ಹೊಸಿಲನ್ನಾದರೂ ತುಳಿಯದಿದ್ದರೆ ಹೇಗೆ ಎಂಬುದು ಬೀಗಿತ್ತಿಯ ಕೊರಗು. ಮಗಳು ಅಳಿಯ ಹೊರಟರು. ಎರಡು ವರ್ಷದ ಮೊಮ್ಮಗನೂ ಹೊರಟ. ಅವನ ಹಿಂದೆ ಓಡಲು ಒಂದು ಜನ ಬೇಕಿತ್ತು. ಆ ಜನ ನಾನು.

ಹಿರಿಯರನ್ನು ಹುಡುಕುವುದು ಸುಲಭವೇನಲ್ಲ. ಸಾಮಾನ್ಯ ಡೇನರಿಗೆ ಹಿಂದೆ ಮನೆತನದ ಹೆಸರೇ ಇರಲಿಲ್ಲವಂತೆ. ಜೆನ್ಸನ ಮಗ ಜೆನ್ಸನ್, ಮಗಳು ಜೆನ್ಸ್‌ಡಾಟರ್. ಅವನ ಮಗ ನೀಲ್ಸ್ ಆದರೆ ನೀಲ್ಸನ ಮಗ ನೀಲ್ಸನ್. ತಲೆಮಾರಿಗೊಂದು ಹೆಸರು. ಇದನ್ನು ಬೀಗಿತ್ತಿ ಮಹಾ ವಿಚಿತ್ರವೆಂಬಂತೆ ಹೇಳಿದಾಗ ನನಗೆ ನಗು ಬಂತು. ನನ್ನ ಇನಿಷಿಯಲ್ಲು ಅಪ್ಪನದು, ಅಪ್ಪನ ಇನಿಷಿಯಲ್ಲು ತಾತನದು. ಪಾಸ್‌ಪೋರ್ಟಿನ ‘ಸರ್‌ನೇಮ್’ ಕಲಮಿನಲ್ಲಿ ಏನು ತುಂಬಬೇಕೆಂದು ಇಂದಿಗೂ ನಮ್ಮ ವಂಶದಲ್ಲಿ ಒಮ್ಮತವಿಲ್ಲ. ಡೆನ್ಮಾರ್ಕಿನಲ್ಲಿ ಮನೆತನಕ್ಕೊಂದು ಕಾಯಂ ಹೆಸರಿರಬೇಕೆಂದು 1828ರಲ್ಲಿ ಅರಸರ ಆಜ್ಞೆಯಾಯಿತು, ಜನ ಕಿವಿಗೊಡಲಿಲ್ಲ. 1856ರಲ್ಲಿ ಮತ್ತೊಂದು ಕಾನೂನು ಬಂತು. ಆಗ ಯಾರ ಕೊರಳಿಗೆ ಯಾವ ಹೆಸರು ಬಿದ್ದಿತ್ತೋ ಅದೇ ಗಟ್ಟಿಯಾಯಿತು. ಹೆಣ್ಣುಮಕ್ಕಳೂ ಇಂಥವರ ‘ಮಗ’ನೆಂದೇ ಹೆಸರಾದರು. ಹೀಗಾಗಿ ಡೆನ್ಮಾರ್ಕಿನಲ್ಲಿ ಜೆನ್ಸನ್ನರನ್ನು ಹುಡುಕುವುದೂ ಮೆಜೆಸ್ಟಿಕ್ಕಿನಲ್ಲಿ ನಿಂತು “ಮಂಜುನಾಥಾ” ಎಂದು ಕೂಗುವುದೂ ಒಂದೇ.

ಕಾಪಾಡಿದ್ದು ಚರ್ಚಿನ ಪುಸ್ತಕಗಳು. ಹುಟ್ಟು, ಮದುವೆ, ಸಾವು ಎಲ್ಲವನ್ನೂ ಪಾದ್ರಿ ಬರೆದಿಡುತ್ತಿದ್ದ. ಪಾದ್ರಿಯ ಮನೆಗೆ ಬೆಂಕಿ ಬಿದ್ದರೆ ಊರಿಗೆ ಊರೇ ಹುಟ್ಟಿಲ್ಲದಂತಾಗುತ್ತಿತ್ತಾದ್ದರಿಂದ 1814ರಿಂದ ಎರಡೆರಡು ಪ್ರತಿ: ಒಂದು ಪಾದ್ರಿಯ ಬಳಿ, ಇನ್ನೊಂದು ಅವನ ಸಹಾಯಕನ ಬಳಿ. ಎರಡೂ ಒಂದೇ ಸೂರಿನಡಿ ರಾತ್ರಿ ಕಳೆಯಕೂಡದೆಂಬ ನಿಯಮ ಬೇರೆ. ಆಷಾಢದ ಅತ್ತೆ–ಸೊಸೆಯ ಹಾಗೆ! ಅಗಲಿದ್ದಕ್ಕೇ ಎರಡೂ ಉಳಿದುಕೊಂಡವು. ಈಗ ಅಲ್ಲಿಯ ರಾಷ್ಟ್ರೀಯ ಪತ್ರಾಗಾರ ಅದನ್ನೆಲ್ಲ ಅಂತರಜಾಲದಲ್ಲಿ ಪುಕ್ಕಟೆ ಇಟ್ಟಿದೆ. ಬೀಗಿತ್ತಿ ಏಳು ತಲೆಮಾರು ಹಿಂದಕ್ಕೆ ಹೋಗಿಬಂದು, “ನಿಮ್ಮದು ಎಷ್ಟು?” ಎಂದರು. ತಿಥಿಯ ದಿನ ಪುರೋಹಿತರು ಕೇಳುವುದು ಮೂರೇ ಹೆಸರು. ಅದರಲ್ಲೂ ಮೂರನೆಯದಕ್ಕೆ ನಮ್ಮಣ್ಣ ತಡವರಿಸುತ್ತಾನೆ. “ನಮ್ಮದು ಬಹಳ ಪುರಾತನ ವಂಶ, ಎಣಿಸುವ ಪದ್ಧತಿಯಿಲ್ಲ” ಎಂದೆ.

ಮುತ್ತಜ್ಜ ದೇಶ ಬಿಟ್ಟದ್ದೇಕೆ ಎಂಬುದು ಮಾತ್ರ ನಮ್ಮೂರ ಕಥೆಯಂತೆಯೇ ಇತ್ತು. ಹೊಲ ಅಣ್ಣನ ಪಾಲಾಯಿತು. ತಮ್ಮನ ಪಾಲಿಗೆ ಒಂದು ಮರದ ಪೆಟ್ಟಿಗೆ. ಆ ಕಾಲಕ್ಕೆ ಅಮೆರಿಕದ ಅಗ್ಗದ ಧಾನ್ಯ ಯುರೋಪಿಗೆ ಬಂದು ಸುರಿದು ರೈತರು ಕಂಗಾಲಾಗಿದ್ದರು. ಅಣ್ಣ ಬುದ್ಧಿವಂತ, ಧಾನ್ಯ ಬಿಟ್ಟು ಹಸು ಕಟ್ಟಿದ. 1882ರಲ್ಲಿ ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಮೊದಲಾದ ಸಹಕಾರಿ ಡೇರಿ ಊರೂರಿಗೂ ಹಬ್ಬಿ ಅವರನ್ನೆಲ್ಲ ಬದುಕಿಸಿತು. ತಮ್ಮ ಇನ್ನೂ ಬುದ್ಧಿವಂತ, ಆ ಅಗ್ಗದ ಧಾನ್ಯ ಬೆಳೆಯುವ ಕಡೆಗೇ ಹೊರಟುಹೋದ. ಅವನಂತೆ ಹೋದವರು ಸುಮಾರು ಮೂರು ಲಕ್ಷ.

ಡೆನ್ಮಾರ್ಕಿನ ಜಟ್ಲೆಂಡಿನಲ್ಲಿ ಇಳಿದ ಮರುದಿನ ನಮ್ಮನ್ನು ಹಿಮ್ಮೆಲ್‌ಬ್ಯೆರ್ಗೆಟ್‌ಗೆ ಕರೆದೊಯ್ದರು. ಹೆಸರಿನ ಅರ್ಥ ಆಕಾಶದ ಬೆಟ್ಟ. ಎತ್ತರ 147 ಮೀಟರ್. ನಾನು ಮೈಸೂರಿನಲ್ಲಿ ರಂಗೋಲಿ ಹಾಕುವ ಜಾಗವೇ ಸಮುದ್ರಮಟ್ಟದಿಂದ ಏಳುನೂರು ಮೀಟರಿಗಿಂತ ಮೇಲಿದೆಯೆಂದು ಹೇಳಲು ಬಾಯಿ ತುರಿಸಿತು. ಆದರೂ ಅತಿಥಿಯಾದವಳು ಒಂದಿಷ್ಟು ಏದುಸಿರು ಬಿಟ್ಟು ಮರ್ಯಾದೆ ಉಳಿಸಿದೆ.

ಆಮೇಲೆ ಸಮಾಧಿ. ಬಿಳಿ ಚರ್ಚು, ಸುತ್ತ ಕತ್ತರಿಸಿದ ಬೇಲಿಗಳ ಪುಟ್ಟ ಪುಟ್ಟ ತೋಟಗಳಂಥ ಗೋರಿಗಳು. ಬೀಗಿತ್ತಿ ಹೂಗುಚ್ಛ ಹಿಡಿದು ಸಾಲುಸಾಲು ಸುತ್ತಿದರು. ಮುತ್ತಜ್ಜನ ಅಪ್ಪ ಎಲ್ಲೂ ಇಲ್ಲ! ಕಳೆ ಕೀಳುತ್ತಿದ್ದವನು ಸಮಾಧಾನವಾಗಿ ವಿವರಿಸಿದ: ಇಲ್ಲಿ ಗೋರಿಯ ಜಾಗ ಇಂತಿಷ್ಟು ವರ್ಷಕ್ಕೆಂದು ಕೊಡುವುದು; ಅವಧಿ ಮುಗಿದ ಮೇಲೆ ಮನೆಯವರು ಹಣ ಕಟ್ಟಿ ಮುಂದುವರಿಸದಿದ್ದರೆ ಕಲ್ಲು ತೆಗೆದು ಬೇರೆಯವರಿಗೆ ಜಾಗ. ಬೆಂಗಳೂರಿನ ಬಾಡಿಗೆ ಮನೆಯ ಹನ್ನೊಂದು ತಿಂಗಳ ಕರಾರು ಪರಲೋಕಕ್ಕೂ ಅನ್ವಯಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಬೀಗಿತ್ತಿಯ ಕಣ್ಣು ತುಂಬಿತು. “ನಮ್ಮವರದು ಬೂದಿಯೂ ಕಾವೇರಿಯ ಪಾಲು, ಕಲ್ಲಿನ ಮಾತೇ ಇಲ್ಲ” ಎಂದು ಸಮಾಧಾನ ಹೇಳಿದೆ. ಹೂವನ್ನು ಅಪರಿಚಿತನೊಬ್ಬನ ಗೋರಿಯ ಮೇಲಿಟ್ಟು ಬಂದೆವು. ಅವನೂ ಯಾರದೋ ಮುತ್ತಜ್ಜ.

ಕೊನೆಗೆ ಅಣ್ಣನ ಮನೆ. ಬಾಗಿಲಲ್ಲಿ ನಿಂತಿದ್ದ ಎಪ್ಪತ್ತು ದಾಟಿದ ಮನೆಯೊಡತಿ ಬೀಗಿತ್ತಿಯ ಕೈ ಹಿಡಿದು, ಗಂಭೀರವಾಗಿ “ತಾಕ್ ಫೋ ಸಿಸ್ಟ್” ಎಂದರು. ಮತ್ತೆ ಭೇಟಿಯಾದಾಗ ಡೇನರು ಹೇಳುವ ಮಾತಂತೆ ಅದು: ಹೋದ ಸಲದ ಭೇಟಿಗೆ ಧನ್ಯವಾದ. ಹೋದ ಸಲವೆಂದರೆ ನೂರಮೂವತ್ತು ವರ್ಷಗಳ ಹಿಂದೆ, ತಮ್ಮ ಪೆಟ್ಟಿಗೆ ಹೊತ್ತು ಇದೇ ಬಾಗಿಲು ದಾಟಿದ ದಿನ. ಆಕೆಯ ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ. ಬೀಗಿತ್ತಿ ನಕ್ಕರು, ಅತ್ತರು, ಮತ್ತೆ ನಕ್ಕರು.

ಕಾಫಿಗೆ ಕುಳಿತಾಗ ಆಕೆ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ್ದೂ ಅದೇ: ನೀವು ಇವರಿಗೇನಾಗಬೇಕು? ನಾನು ಉಸಿರು ತುಂಬಿಕೊಳ್ಳುವಷ್ಟರಲ್ಲಿ ಮೊಮ್ಮಗ ಬಂದು ಮಡಿಲೇರಿದ. “ಓ, ಮೊರ್ಮೊರ್!” ಎಂದು ಆಕೆ ಅರೆಗಳಿಗೆಯಲ್ಲಿ ಲೆಕ್ಕ ಚುಕ್ತಾ ಮಾಡಿದರು. ಮೊರ್ಮೊರ್ ಎಂದರೆ ತಾಯಿಯ ತಾಯಿ. ಬೀಗಿತ್ತಿ ಫಾರ್ಮೊರ್, ತಂದೆಯ ತಾಯಿ. ಅಯೋವಾದಲ್ಲಿ ನಾವಿಬ್ಬರೂ ‘ಗ್ರಾಂಡ್‌ಮಾ’ ಎಂಬ ಒಂದೇ ಕುರ್ಚಿಗೆ ಪೈಪೋಟಿ ನಡೆಸುತ್ತಿದ್ದೆವು. ಇಲ್ಲಿ ಬೇರೆಬೇರೆ ಆಸನ ಸಿಕ್ಕಿತು. ಅಷ್ಟೇ ಅಲ್ಲ, ಸೋದರಮಾವನಿಗೆ ಮೊರ್‌ಬ್ರೊರ್, ತಂದೆಯ ಸೋದರನಿಗೆ ಫಾರ್‌ಬ್ರೊರ್, ಸೋದರತ್ತೆಗೆ ಫಾಸ್ಟರ್, ತಾಯಿಯ ಸೋದರಿಗೆ ಮೊಸ್ಟರ್. ನನಗೆ ತವರಿಗೆ ಬಂದಂತಾಯಿತು. “ನಮ್ಮಲ್ಲೂ ಹೀಗೇ! ಅದರ ಮೇಲೆ ದೊಡ್ಡಮ್ಮ, ಚಿಕ್ಕಮ್ಮ ಬೇರೆ ಬೇರೆ” ಎಂದು ನಾನು. “ಅಜ್ಜಿಯರಿಗೆ?” ಎಂದು ಆಕೆ. ಇಬ್ಬರೂ ಅಜ್ಜಿಯೇ ಎಂದು ಒಪ್ಪಿಕೊಳ್ಳಬೇಕಾಯಿತು. ಒಂದಂಕ ಅವರಿಗೆ. “ಮಗಳ ಅತ್ತೆಯನ್ನು ಏನೆನ್ನುತ್ತೀರಿ?” ಎಂದು ನಾನು. ಆಕೆ ಯೋಚಿಸಿ, ಮಗಳ ಅತ್ತೆ ಎನ್ನುತ್ತೇವೆ ಎಂದರು. “ನಾವು ಬೀಗಿತ್ತಿ ಎನ್ನುತ್ತೇವೆ” ಎಂದು ಬೀಗಿದೆ. ನಡುವೆ ಕೂತಿದ್ದ ಬೀಗಿತ್ತಿ, ಸೋದರಮಾವ ಚಿಕ್ಕಪ್ಪಂದಿರನ್ನೆಲ್ಲ ‘ಅಂಕಲ್’ ಎಂಬ ಒಂದೇ ಗೋಣಿಚೀಲಕ್ಕೆ ತುಂಬಿಕೊಂಡು ಬೆಳೆದವರು, ಕಾಫಿ ಆರಿದರೂ ಕುಡಿಯದೆ ಒಂದೊಂದೇ ಪದ ಬರೆದುಕೊಂಡರು. ಮುತ್ತಜ್ಜನ ಪೆಟ್ಟಿಗೆಯಲ್ಲಿ ಇದಕ್ಕೆ ಜಾಗವಿರಲಿಲ್ಲವೇನೋ.

ಬಂದ ನೆಂಟರಿಗೆಂದು ಮನೆಯೊಡತಿ ಬೀರುವಿನಿಂದ ಬೀಡುಕಬ್ಬಿಣದ ಒಂದು ಪಾತ್ರೆ ತೆಗೆದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಾಕ್ಷಾತ್ ಪಡ್ಡಿನ ಹಂಚು! ಅದೇ ಕುಳಿಗಳು. ಹಿಟ್ಟು ಹೊಯ್ದು, ಸ್ವೆಟರ್ ಹೆಣೆಯುವ ಕಡ್ಡಿಯಿಂದ ಮಗುಚಿದರು. ಹೆಸರು ಏಬಲ್‌ಸ್ಕೀವರ್, ಅಂದರೆ ಸೇಬಿನ ಹೋಳು. ಒಳಗೆ ಸೇಬಿಲ್ಲ, ಮೈಸೂರು ಪಾಕಿನಲ್ಲಿ ಮೈಸೂರು ಇಲ್ಲದ ಹಾಗೆ. ಡಿಸೆಂಬರಿನ ತಿಂಡಿಯನ್ನು ಜೂನಿನಲ್ಲಿ ಮಾಡಿದ್ದಕ್ಕೆ ಮನೆಯವರೆಲ್ಲ ಶ್ರಾವಣದಲ್ಲಿ ಎಳ್ಳುಬೆಲ್ಲ ಬೀರಿದಂತೆ ಮುಸಿಮುಸಿ ನಕ್ಕರು. ಅದರಲ್ಲಿ ಮೊಟ್ಟೆಯಿದೆಯೆಂದು ನನಗೆ ತಿಳಿದದ್ದು ಆರನೆಯದನ್ನು ನುಂಗಿದ ಮೇಲೆ. ಏಳನೆಯದನ್ನು ತಿಳಿದೇ ತಿಂದೆ.

ಮೊನ್ನೆ ಡಿಸೆಂಬರಿನಲ್ಲಿ ಮೈಸೂರಿನ ಅಡುಗೆಮನೆಯಲ್ಲಿ ಪಡ್ಡು ಹೊಯ್ಯುತ್ತಿದ್ದಾಗ ಮೊಬೈಲಿನಲ್ಲಿ ಡೆನ್ಮಾರ್ಕಿನ ಆ ಮನೆಯೊಡತಿ ಬಂದರು. ಅತ್ತ ಅವರ ಹಂಚು, ಇತ್ತ ನನ್ನದು. “ತಾಕ್ ಫೋ ಸಿಸ್ಟ್, ಮೊರ್ಮೊರ್!” ಎಂದರು. ಮೊಸರಿಗೆ ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯಾಕೆ ಇಣುಕಿ ನೋಡಿ, “ಯಾರ್ರೀ ಅದು, ನಿಮಗೇನಾಗಬೇಕು?” ಎಂದರು.

“ನನ್ನ ಅಳಿಯನ ತಾಯಿಯ ಮುತ್ತಜ್ಜನ...” ಎಂದು ಶುರುಮಾಡಿದೆ. ಪಡ್ಡು ಸೀಯುವ ವಾಸನೆ ಬಂತು.

“ಬೀಗರ ಕಡೆಯವರು” ಎಂದೆ.

“ಹಂಗನ್ನಿ ಮತ್ತೆ” ಎಂದು ಆಕೆ ಹೆಪ್ಪು ತೆಗೆದುಕೊಂಡು ಹೋದರು.