ಉಪ್ಪು ಮಾತ್ರ ನಿಮ್ಮದು

"ಇವತ್ತೇನು ಅಡುಗೆ?" ಎಂಬ ಪ್ರಶ್ನೆಗೆ ದಿನಕ್ಕೆರಡು ಸಲ ಉತ್ತರ ಹುಡುಕುವುದೂ ಒಂದು ಕೆಲಸ, ಅದಕ್ಕೂ ಕೂಲಿ ಕೇಳಬಹುದು ಎಂದು ನಮ್ಮ ಕಡೆಯ ಯಾವ ಹೆಂಗಸಿಗೂ ಹೊಳೆಯಲಿಲ್ಲ. ಹೊಳೆದದ್ದು ಸ್ವೀಡನ್ನಿನಲ್ಲಿ. 2007ರಲ್ಲಿ ಸ್ಟಾಕ್‌ಹೋಮಿನ ಕಿಕಿ ಥಿಯಾಂಡರ್ ಎಂಬಾಕೆ ಮಿಡ್ಡಾಗ್ಸ್‌ಫ್ರಿಡ್ ಎಂಬ ಕಂಪನಿ ತೆರೆದರು. ವಾರದ ರಾತ್ರಿಯೂಟಕ್ಕೆ ಏನೆಂಬ ತೀರ್ಮಾನ ಅವರದು. ಅದಕ್ಕೆ ಬೇಕಾದ ಸಾಮಾನನ್ನೂ ಮಾಡುವ ವಿಧಾನವನ್ನೂ ಚೀಲಕ್ಕೆ ತುಂಬಿ ಮನೆಮನೆಗೆ ಕಳಿಸುತ್ತಿದ್ದರು. ಇದೇ ವ್ಯಾಪಾರಕ್ಕೆ 2011ರಲ್ಲಿ ಬರ್ಲಿನ್ನಿನಲ್ಲಿ ಹೆಲೋಫ್ರೆಶ್ ಹುಟ್ಟಿತು, ಮರುವರ್ಷ ನ್ಯೂಯಾರ್ಕಿನಲ್ಲಿ ಬ್ಲೂ ಏಪ್ರನ್. ನಮ್ಮಜ್ಜಿ ಬೆಳಗಿನ ಕಾಫಿ ಕುಡಿಯುತ್ತಾ, ಬುಟ್ಟಿಯಲ್ಲಿ ಉಳಿದ ಅರ್ಧ ಕುಂಬಳಕಾಯಿಯನ್ನೊಮ್ಮೆ ನೋಡಿ, ಯಾರಿಗೆ ಏಕಾದಶಿ, ಯಾರಿಗೆ ಜ್ವರ, ಮಧ್ಯಾಹ್ನ ಬರುವವರೆಷ್ಟು ಎಂದು ಲೆಕ್ಕ ಹಾಕಿ ಮುಗಿಸುತ್ತಿದ್ದ ಕೆಲಸವನ್ನು 2017ರಲ್ಲಿ ಷೇರುಪೇಟೆಗೇ ಒಯ್ದರು. ಬ್ಲೂ ಏಪ್ರನ್ನಿನ ಷೇರು ಒಂದಕ್ಕೆ 10 ಡಾಲರ್, ಕಂಪನಿಗೆ ಕಟ್ಟಿದ ಬೆಲೆ 2 ಬಿಲಿಯನ್‌ಗೆ ತುಸು ಕಡಿಮೆ. 2023ರಲ್ಲಿ ಅದನ್ನು ಮಾರಿದ್ದು 103 ಮಿಲಿಯನ್ ಡಾಲರಿಗೆ. ಅಜ್ಜಿಯ ಷೇರು ಏರಲೂ ಇಲ್ಲ, ಇಳಿಯಲೂ ಇಲ್ಲ. ಅವರ ಹೆಸರನ್ನು ಪೇಟೆಯಲ್ಲಿ ಯಾರೂ ಬರೆಸಿರಲಿಲ್ಲ.

ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಮನೆಗೆ ಇಂಥ ಪೆಟ್ಟಿಗೆ ಬಂದದ್ದು ನನ್ನ ಮೇಲಿನ ಕರುಣೆಯಿಂದ. ಕರುಣೆ ನಮ್ಮೆಜಮಾನರದು, ಅದನ್ನು ಹುಟ್ಟಿಸಿದ್ದು ಅವರ ಆಫೀಸಿನಲ್ಲಿ ಯಾರೋ ಹಂಚಿದ ಕೂಪನ್. "ನೀನೂ ಕೆಲಸ ಮುಗಿಸಿ ಸುಸ್ತಾಗಿರ್ತೀಯ. ಏನು ಮಾಡ್ಲಿ ಅಂತ ಯೋಚನೆ ಮಾಡೋ ಕಷ್ಟವೇ ಇರಲ್ಲ ನೋಡು" ಎಂದರು. ಯೋಚನೆ ಮಾಡುವುದು ಕಷ್ಟ ಎಂಬುದು ಅವರಿಗೆ ಗೊತ್ತಿತ್ತು ಎಂದು ನನಗೆ ತಿಳಿದದ್ದೇ ಆವತ್ತು. ಮೊದಲ ಪೆಟ್ಟಿಗೆಗೆ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ. ಆಮೇಲೆ ತಟ್ಟೆಗೆ 10 ಡಾಲರ್ ಆಸುಪಾಸು, ಮನೆಬಾಗಿಲಿಗೆ ತಂದಿಳಿಸಲು ಇನ್ನೊಂದು 10. ಇಬ್ಬರಿಗೆ ಮೂರು ರಾತ್ರಿಯ ಊಟವೆಂದರೆ 70 ಡಾಲರ್. ಅಷ್ಟು ದುಡ್ಡು ಹಿಡಿದು ಓಕ್ ಟ್ರೀ ರಸ್ತೆಯ ಪಟೇಲ್ ಬ್ರದರ್ಸ್‌ಗೆ ಹೋದರೆ ತೊಗರಿಬೇಳೆ, ಉದ್ದಿನಬೇಳೆ, ವಾರದ ತರಕಾರಿ ಎಲ್ಲ ಕಾರಿನ ಡಿಕ್ಕಿ ತುಂಬುತ್ತದೆ. ಆದರೆ ಅಲ್ಲಿ ಯೋಚನೆಯನ್ನು ಪೊಟ್ಟಣ ಕಟ್ಟಿ ಕೊಡುವುದಿಲ್ಲ.

ಆರ್ಡರ್ ಇಬ್ಬರಿಗೆ ಕೊಡಬಹುದು, ಇಲ್ಲವೇ ನಾಲ್ವರಿಗೆ. ನಾವು ಮೂವರು. ಮೈಸೂರಿನಿಂದ ಆರು ತಿಂಗಳ ವೀಸಾದಲ್ಲಿ ಬಂದಿರುವ ಅತ್ತೆ ಕಂಪನಿಯ ಲೆಕ್ಕದಲ್ಲಿ ಎಲ್ಲಿಯೂ ಕೂರಲಿಲ್ಲ. ಅತ್ತೆಯ ಲೆಕ್ಕದಲ್ಲಿ ಕಂಪನಿಯೂ ಕೂರಲಿಲ್ಲ, ಅದು ಬೇರೆ ಮಾತು. "ಹೊತ್ತಲ್ಲದ ಹೊತ್ತಲ್ಲಿ ಇನ್ನೊಬ್ಬರು ಬಂದ್ರೆ ಸಾರಿಗೆ ಒಂದು ಲೋಟ ನೀರು ಹಾಕಬಹುದು. ಟಾಕೋಗೆ ಏನು ಹಾಕ್ತೀಯೇ?" ಎಂದು ಕೇಳಿದರು. ಈ ಪ್ರಶ್ನೆಗೆ ಕಂಪನಿಯ ಸಹಾಯವಾಣಿಯಲ್ಲಿ ಉತ್ತರವಿಲ್ಲ.

ಸಸ್ಯಾಹಾರಿಗಳ ಪಟ್ಟಿ ಬೇರೆಯೇ ಇದೆ. ಗೆಣಸು ಮತ್ತು ಕಪ್ಪು ಬೀನ್ಸಿನ ಟಾಕೋ, ಜುಕೀನಿ ಹೆಚ್ಚಿ ಹಾಕಿದ ರೊಟ್ಟಿ, ಅಣಬೆಯ ಪಾಸ್ತಾ, ಅನ್ನದ ಮೇಲೆ ಏನಾದರೊಂದು ಸುರಿದು 'ಬೌಲ್' ಎಂದು ಕರೆದದ್ದು. ಮುಂದಿನ ವಾರ ಟಾಕೋದೊಳಗೆ ಜುಕೀನಿ, ರೊಟ್ಟಿಯ ಮೇಲೆ ಗೆಣಸು. ಮಾಂಸದೂಟದವರಿಗೆ ಇಡೀ ಪುಟದ ತುಂಬ ಆಯ್ಕೆ. ನಮ್ಮದು ಅದೇ ತಟ್ಟೆಯಿಂದ ಮುಖ್ಯವಾದದ್ದನ್ನು ಎತ್ತಿಕೊಂಡ ಮೇಲೆ ಅಂಚಿನಲ್ಲಿ ಉಳಿದದ್ದು. ಕಂಪನಿಗೂ ಅದು ಗೊತ್ತಿದೆ, ಪಾಪ. ಹಾಗಾಗಿ ಪ್ರತಿ ಸಸ್ಯಾಹಾರದ ಚಿತ್ರದ ಕೆಳಗೂ ಒಂದು ಗುಂಡಿ: 'ಕೋಳಿ ಸೇರಿಸಿಕೊಳ್ಳಿ', 'ಸೀಗಡಿ ಸೇರಿಸಿಕೊಳ್ಳಿ'. ಹುಣ್ಣಿಮೆಯ ದಿನ ಸತ್ಯನಾರಾಯಣ ಪೂಜೆಗೆ ಕುಳಿತವರ ಕಿವಿಯಲ್ಲಿ ಯಾರೋ ಬಂದು, ಪಕ್ಕದ ಬೀದಿಯಲ್ಲಿ ಬಿರಿಯಾನಿ ಇದೆ ಎಂದು ಪ್ರತಿ ಅಧ್ಯಾಯಕ್ಕೊಮ್ಮೆ ಪಿಸುಗುಟ್ಟಿದ ಹಾಗೆ.

ಇಷ್ಟಾದರೂ ಬಂದದ್ದೆಲ್ಲ ಸಸ್ಯಾಹಾರವೇ ಎಂದುಕೊಳ್ಳಬೇಡಿ. ಊರಲ್ಲಿ ಚಿಪ್ಸ್ ಪೊಟ್ಟಣದ ಮೇಲೂ ಹಸಿರು ಚುಕ್ಕಿ ಇರಲೇಬೇಕೆಂಬ ಕಾನೂನಿದೆ. ಮೊಟ್ಟೆ ಹಾಕಿದ್ದರೆ ಹಸಿರು ಸಿಗುವುದಿಲ್ಲ. ಅಮೆರಿಕದಲ್ಲಿ ಅಂಥ ಚುಕ್ಕಿಯೂ ಇಲ್ಲ, ಮೊಟ್ಟೆ ತಿಂದವರನ್ನು ಸಸ್ಯಾಹಾರದ ಪಂಕ್ತಿಯಿಂದ ಎಬ್ಬಿಸುವವರೂ ಇಲ್ಲ. ಬನ್ನಿನಲ್ಲಿ ಮೊಟ್ಟೆ, ಮೇಯೊನೀಸಿನಲ್ಲಿ ಮೊಟ್ಟೆ. ಪಾಸ್ತಾದ ಜೊತೆ ಬರುವ ಪಾರ್ಮೆಸಾನ್ ಚೀಸ್ ಇನ್ನೂ ಸೂಕ್ಷ್ಮದ್ದು. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ಟಿನಿಂದಲೇ ಆಗಬೇಕೆಂದು ಅದರ ನಿಯಮವೇ ಹೇಳುತ್ತದೆ. ಅಮೆರಿಕದ ಪಾರ್ಮೆಸಾನ್‌ಗೆ ಸೂಕ್ಷ್ಮಾಣುಗಳಿಂದ ಮಾಡಿದ ರೆನ್ನೆಟ್ಟೂ ಇರಬಹುದು, ಇಲ್ಲದಿರಬಹುದು. ನಮಗೆ ಬಂದ ಅಂಗೈಯಗಲದ ಪೊಟ್ಟಣದ ಮೇಲೆ 'ಎಂಜೈಮ್ಸ್' ಎಂದಷ್ಟೇ ಬರೆದಿತ್ತು. ಓದಿ ಹೇಳಿದೆ. ಅತ್ತೆ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಅಂಚಿಗೆ ಇಟ್ಟರು. ಬಿಸಾಡಲಿಲ್ಲ, ದುಡ್ಡು ಕೊಟ್ಟದ್ದಲ್ಲವೇ.

ಹಾಗಾದರೆ ಪ್ರಾಣಿಮೂಲದ್ದೇನೂ ಇಲ್ಲದ ಪೆಟ್ಟಿಗೆ ತರಿಸಿ ಎಂದು ಗೆಳತಿಯೊಬ್ಬಳು ಸಲಹೆ ಕೊಟ್ಟಳು. ಪರ್ಪಲ್ ಕ್ಯಾರೆಟ್ ಎಂಬುದು 2014ರಿಂದ ಅದನ್ನೇ ಮಾಡುತ್ತಿದೆ. ನ್ಯೂಯಾರ್ಕ್ ಟೈಮ್ಸ್‌ನ ಹೆಸರಾಂತ ಅಂಕಣಕಾರ ಮಾರ್ಕ್ ಬಿಟ್‌ಮನ್ 2015ರಲ್ಲಿ ಪತ್ರಿಕೆ ಬಿಟ್ಟು ಅಲ್ಲಿಗೆ ಸೇರಿದರು, ಹೆಚ್ಚು ಕಾಲ ನಿಲ್ಲಲಿಲ್ಲ. ಆ ಪೆಟ್ಟಿಗೆಯಲ್ಲಿ ಮೊಟ್ಟೆ ಇಲ್ಲ ನಿಜ. ಹಾಲಿಲ್ಲ, ತುಪ್ಪವಿಲ್ಲ, ಮೊಸರೂ ಇಲ್ಲ. ಮೊಸರನ್ನ ಬಾರದೆ ಊಟ ಮುಗಿಯಿತು ಎಂದು ಅತ್ತೆ ಈವರೆಗೆ ಒಪ್ಪಿದ್ದಿಲ್ಲ. ಹೀಗೆ ಒಂದು ಪೆಟ್ಟಿಗೆಯವರಿಗೆ ನಾವು ಬಿಡುವುದು ಹೆಚ್ಚಾಯಿತು, ಇನ್ನೊಂದು ಪೆಟ್ಟಿಗೆಯವರಿಗೆ ಬಿಡುವುದು ಸಾಲದಾಯಿತು.

ಇನ್ನು ಪೆಟ್ಟಿಗೆಯ ಒಡಲು. ರಟ್ಟಿನ ಪೆಟ್ಟಿಗೆ, ಅದರೊಳಗೆ ಬೆಳ್ಳಿ ಹಾಳೆಯ ಕಂಬಳಿ, ಅದರೊಳಗೆ ಕಾಗದದ ಚೀಲ, ಅದರೊಳಗೆ ಪ್ಲಾಸ್ಟಿಕ್ ಪೊಟ್ಟಣ, ಅದರೊಳಗೆ ಒಂದು ಎಸಳು ಬೆಳ್ಳುಳ್ಳಿ. ಬೆಳ್ಳುಳ್ಳಿಯನ್ನೇ ಮುಟ್ಟದ ಅತ್ತೆ ಅದನ್ನು ನೋಡಿ ಮರುಗಿದರು. "ಅಯ್ಯೋ, ಒಂಟಿಯಾಗಿ ಬಂದಿದೆಯಲ್ಲೇ." ಕೊತ್ತಂಬರಿ ನಾಲ್ಕು ಕಡ್ಡಿ. ನಿಂಬೆಹಣ್ಣು ಒಂದು. ಹುಳಿಕೆನೆ ಒಂದು ಚಮಚದ ಸ್ಯಾಚೆ, ಅದನ್ನು ಕತ್ತರಿಸಲು ಕತ್ತರಿ, ಹಿಂಡಲು ತಾಳ್ಮೆ. ತಳದಲ್ಲಿ ಇಟ್ಟಿಗೆಯಂಥ ಎರಡು ಐಸ್ ಪ್ಯಾಕ್. ಇಂಥವುಗಳೊಳಗಿನ ಜೆಲ್‌ನಲ್ಲಿ ಬಹುಪಾಲು ನೀರು, ಅದನ್ನು ಹಿಡಿದಿಡುವುದು ಹೆಚ್ಚಾಗಿ ಮಕ್ಕಳ ಡೈಪರಿನಲ್ಲಿ ಬಳಸುವ ಪಾಲಿಮರೇ. ಪೆಟ್ಟಿಗೆ ಬಂದಷ್ಟೂ ಇಟ್ಟಿಗೆ ಪೇರಿಸಿದ್ದಾಯಿತು, ಫ್ರೀಜರಿನಲ್ಲಿ ತೆಂಗಿನತುರಿಗೆ ಜಾಗವಿಲ್ಲದಾಯಿತು.

ಇಷ್ಟೆಲ್ಲ ಅಳೆದು ಕಳಿಸಿದವರು ಕಾರ್ಡಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದರು: ಉಪ್ಪು, ಮೆಣಸು, ಎಣ್ಣೆ, ಬೆಣ್ಣೆ, ಸಕ್ಕರೆ ನಿಮ್ಮ ಮನೆಯದು. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕೇಳಿ ಬೆಳೆದವರು ನಾವು. ರುಚಿ ನಾವು ಹಾಕಬೇಕು, ಒಲೆ ನಮ್ಮದು, ಪಾತ್ರೆ ನಮ್ಮದು, ತೊಳೆಯುವವರೂ ನಾವೇ. ಅಂದರೆ 70 ಡಾಲರಿಗೆ ಬಂದದ್ದು ತೀರ್ಮಾನ, ಅದರ ಮೇಲೊಂದಿಷ್ಟು ಗೆಣಸು.

ಆದರೆ ಆ ಕಾರ್ಡಿನ ಮಹಿಮೆಯನ್ನು ಕಡೆಗಣಿಸುವ ಹಾಗಿಲ್ಲ. ಆರು ಹೆಜ್ಜೆ, ಆರು ಬಣ್ಣದ ಫೋಟೊ, ನುಣುಪಾದ ದಪ್ಪ ಹಾಳೆ. ಮೊದಲ ಹೆಜ್ಜೆ: 'ಕೈ ತೊಳೆದುಕೊಳ್ಳಿ'. ಇಷ್ಟು ಬಿಡಿಸಿ ಹೇಳಿದ್ದರಿಂದಲೇ ಇರಬೇಕು, ನಮ್ಮೆಜಮಾನರು ಒಲೆಯ ಮುಂದೆ ನಿಂತರು. ಇಷ್ಟು ವರ್ಷ ನಾನು "ಹುಳಿ ಕುದೀತಾ ನೋಡ್ರೀ" ಎಂದರೆ ಎಲ್ಲಿ ನೋಡಬೇಕೆಂದು ಕೇಳುತ್ತಿದ್ದವರು, ಕಾರ್ಡನ್ನು ಫ್ರಿಜ್ಜಿಗೆ ಆಯಸ್ಕಾಂತದಿಂದ ಸಿಕ್ಕಿಸಿ, ಏಪ್ರನ್ ಕಟ್ಟಿ, ಫೋನಿನಲ್ಲಿ ಟೈಮರ್ ಇಟ್ಟರು. ಕಾರ್ಡಿನ ಪ್ರಕಾರ ಮೂವತ್ತು ನಿಮಿಷ. ಆ ಮೂವತ್ತು ನಿಮಿಷ ಯಾವ ಊರಿನ ಗಡಿಯಾರದ್ದೋ. ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚುವುದರಲ್ಲೇ ಅದು ಮುಗಿದಿತ್ತು. ಎರಡು ಬಾಣಲೆ, ಒಂದು ಓವನ್ ಟ್ರೇ, ಮೂರು ಬಟ್ಟಲು, ನಾನು ಹಬ್ಬಕ್ಕೆಂದು ಎತ್ತಿಟ್ಟಿದ್ದ ಪಿಂಗಾಣಿ ಪಾತ್ರೆ. ಕಡೆಯ ಹೆಜ್ಜೆಯಲ್ಲಿ ನಿಂಬೆಸಿಪ್ಪೆ ತುರಿದು ಉದುರಿಸಿ, ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದು ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಚಪ್ಪಾಳೆಯ ಸುರಿಮಳೆ. "ಸರ್, ಸೂಪರ್!" "ಮೇಡಂ ಅದೃಷ್ಟವಂತರು." ಮೇಡಂ ಆಗ ಸಿಂಕಿನ ಮುಂದೆ ನಿಂತು ಟ್ರೇಗೆ ಅಂಟಿದ ಗೆಣಸು ಕೆರೆಯುತ್ತಿದ್ದರು. ಮಂಗಳವಾರದ ನುಗ್ಗೆಕಾಯಿ ಹುಳಿಯ ಫೋಟೊವನ್ನು ಆ ಗುಂಪಿಗೆ ಈವರೆಗೆ ಯಾರೂ ಹಾಕಿಲ್ಲ.

ಇನ್ನೊಂದು ರಾತ್ರಿ 'ಭಾರತೀಯ ಶೈಲಿ'ಯ ಕಡಲೆಕಾಳಿನ ಕರಿ ಬಂತು. ನಮ್ಮ ಬೇರು ನೆನಪಿಸುವ ಪ್ರೀತಿ. ಮಸಾಲೆಯೆಂದು ಬಂದದ್ದು ಒಂದು ಚಿಟಿಕೆ ಹಳದಿ ಪುಡಿ. ಅತ್ತೆ ಮೈಸೂರಿನಲ್ಲಿ ಹುರಿದು ಪುಡಿ ಮಾಡಿಸಿ, ಮೂರು ಪದರ ಕವರು ಸುತ್ತಿ, ನೆವಾರ್ಕ್ ವಿಮಾನ ನಿಲ್ದಾಣದ ಕಸ್ಟಮ್ಸ್ ದಾಟಿಸಿ ತಂದ ಹುಳಿಪುಡಿ, ಸಾರಿನ ಪುಡಿ, ವಾಂಗಿಬಾತ್ ಪುಡಿಗಳ ಡಬ್ಬಿಗಳು ಕಪಾಟಿನಿಂದ ಈ ಚಿಟಿಕೆಯನ್ನು ನೋಡುತ್ತಿದ್ದವು. ಬೆಳ್ಳುಳ್ಳಿ ಬಿಟ್ಟು, ಈರುಳ್ಳಿ ಬಿಟ್ಟು, ಅಮ್ಮನಿಗಾಗಿ ಮಗ ಬೇರೆಯೇ ಮಾಡಿದರು. ಅತ್ತೆ ಒಂದು ತುತ್ತು ಬಾಯಿಗಿಟ್ಟುಕೊಂಡು ಕೇಳಿದರು:

"ಒಗ್ಗರಣೆ ಎಲ್ಲೋ?"

"ಕಾರ್ಡಲ್ಲಿಲ್ಲಮ್ಮ."

ಅತ್ತೆ ಎದ್ದು ಸೌಟಿನಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ ಸುರಿದರು. ಹೊಗೆಗೆ ಅಲಾರಂ ಹೊಡೆದುಕೊಂಡಿತು. ಕರಿ ತಿನ್ನುವಂತಾಯಿತು, ಮೇಲೆ ಮೊಸರನ್ನವನ್ನೂ ಕಲಸಿದ್ದಾಯಿತು. ಅಕ್ಕಿ ನಮ್ಮದೇ.

ಪೆಟ್ಟಿಗೆಯೂಟ ನಮಗೆ ಹೊಸದೆಂದು ಅಮೆರಿಕದವರು ತಿಳಿದರೆ ಕ್ಷಮಿಸೋಣ, ನಾವೇ ಹಾಗೆ ತಿಳಿಯಬಾರದು. ತುರ್ತುಪರಿಸ್ಥಿತಿಯ ದಿನಗಳಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ಬೆಲೆ ಗೊತ್ತು ಮಾಡಿದಾಗ ನಷ್ಟ ತಾಳಲಾಗದೆ ಮಾವಳ್ಳಿಯ ಎಂಟಿಆರ್ ಹೋಟೆಲ್ ಬಾಗಿಲು ಮುಚ್ಚಿ ಹಿಟ್ಟು, ಮಸಾಲೆಗಳನ್ನು ಪೊಟ್ಟಣ ಕಟ್ಟಿ ಮಾರಲು ಇಳಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ಅವರೇ ಹುಡುಕಿಕೊಂಡ ರವೆ ಇಡ್ಲಿಯೂ ಪೊಟ್ಟಣ ಸೇರಿತು. ಅದರ ಬೆನ್ನ ಮೇಲೂ ವಿಧಾನವಿದೆ: ಮೊಸರು ಬೆರೆಸಿ, ಹಬೆಯಲ್ಲಿ ಬೇಯಿಸಿ. ಕೈ ತೊಳೆಯುವುದನ್ನು ನಮ್ಮ ವಿವೇಚನೆಗೆ ಬಿಟ್ಟಿದ್ದಾರೆ. ಅವರೆಕಾಯಿ ಕಾಲದಲ್ಲಿ ಬೆಂಗಳೂರಿನ ಗಾಂಧಿಬಜಾರಿನಲ್ಲಿ ಹಿತಕಿದ ಬೇಳೆ ಸಿಗುತ್ತದೆ. ಬೆರಳು ಬಿಳುಚುವವರೆಗೆ ಹಿತುಕಿ ಅಳೆದು ಕೊಡುವ ಹೆಂಗಸು ಇಮೇಲ್ ವಿಳಾಸ ಕೇಳುವುದಿಲ್ಲ, ಮುಂದಿನ ವಾರವೂ ನನ್ನ ಒಪ್ಪಿಗೆಯಿಲ್ಲದೆ ಒಂದು ಸೇರು ತಂದು ಬಾಗಿಲಲ್ಲಿಟ್ಟು ದುಡ್ಡು ಕಿತ್ತುಕೊಳ್ಳುವುದಿಲ್ಲ.

ಪರಿಸರದ ವಾದವೊಂದು ಉಳಿದಿತ್ತು. ಮಿಶಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಯಜಮಾನರು ಊಟದ ಮೇಜಿನಲ್ಲಿ ಓದಿದರು: ಅಂಗಡಿಯಿಂದ ತಂದು ಮಾಡಿದ ಅದೇ ಊಟಕ್ಕಿಂತ ಪೆಟ್ಟಿಗೆಯೂಟದ ಹಸಿರುಮನೆ ಅನಿಲ ಸರಾಸರಿ ಕಾಲು ಭಾಗದಷ್ಟು ಕಡಿಮೆ. ಪ್ಯಾಕಿಂಗ್ ಹೆಚ್ಚಾದರೂ ಆಹಾರ ಪೋಲಾಗುವುದು ಕಡಿಮೆ ಎಂಬುದು ದೊಡ್ಡ ಕಾರಣ. ಅವರ ಲೆಕ್ಕ ಸರಿಯೇ ಇದೆ, ಕೊಂಡದ್ದರಲ್ಲಿ ಒಂದಷ್ಟನ್ನು ಕಸಕ್ಕೆ ಹಾಕುವ ದೇಶದ ಮನೆಗಳಿಗೆ. ಓದು ಮುಗಿಯುವ ಹೊತ್ತಿಗೆ ಅತ್ತೆ ಹೀರೆಕಾಯಿ ಸಿಪ್ಪೆಯ ಚಟ್ನಿ ರುಬ್ಬಿ, ನಿನ್ನೆಯ ಅನ್ನಕ್ಕೆ ಚಿತ್ರಾನ್ನದ ಗತಿ ಕಾಣಿಸಿ, ಕಿಟಕಿಯಲ್ಲಿಟ್ಟಿದ್ದ ನಿಂಬೆಸಿಪ್ಪೆಗೆ ಉಪ್ಪು ಬೆರೆಸುತ್ತಿದ್ದರು. "ಏನೋ ಅದು, ಯಾರು ಏನು ಬಿಸಾಡಿದರಂತೆ?" ಎಂದರು.

ಬಿಡಿಸಿಕೊಳ್ಳುವುದು ಉಳಿಯಿತು. ಸೇರಲು ಒಂದೇ ಗುಂಡಿ. ಬಿಡಲು ಮೊದಲು 'ಈ ವಾರ ಬೇಡ' ಎನ್ನುವ ಗುಂಡಿ, ಆಮೇಲೆ ಕಾರಣಗಳ ಪಟ್ಟಿ, ಅದರ ಬೆನ್ನಿಗೆ 'ಅರ್ಧ ಬೆಲೆಗೆ ಕೊಟ್ಟರೆ?', ಆಮೇಲೆ ಅಳುಮುಖದ ಕ್ಯಾರೆಟ್ಟಿನ ಚಿತ್ರ. ಕಾರಣಗಳಲ್ಲಿ 'ದುಬಾರಿ' ಇತ್ತು, 'ಊರು ಬಿಡುತ್ತಿದ್ದೇನೆ' ಇತ್ತು. 'ಮನೆಯಲ್ಲಿ ಅತ್ತೆ ಇದ್ದಾರೆ' ಇರಲಿಲ್ಲ. ಸೇರುವಷ್ಟೇ ಸಲೀಸಾಗಿ ಬಿಡುವಂತಿರಬೇಕು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಿಯಮವನ್ನೇ ಮಾಡಿತ್ತು. ಪೂರ್ತಿ ಜಾರಿಗೆ ಬರಲು ಕೆಲವೇ ದಿನ ಇರುವಾಗ, 2025ರ ಜುಲೈನಲ್ಲಿ, ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಿಯಮದಿಂದಾಗುವ ಆರ್ಥಿಕ ಪರಿಣಾಮದ ಪ್ರಾಥಮಿಕ ವಿಶ್ಲೇಷಣೆಯನ್ನು ಕ್ರಮಪ್ರಕಾರ ಮಾಡಿರಲಿಲ್ಲವಂತೆ. ರದ್ದು ಮಾಡುವುದನ್ನು ಸುಲಭ ಮಾಡುವ ನಿಯಮವನ್ನು ಇಷ್ಟು ಸುಲಭವಾಗಿ ರದ್ದು ಮಾಡಬಹುದಾದರೆ ನನ್ನ ಪೆಟ್ಟಿಗೆಯದೇನು ದೊಡ್ಡದು ಎಂದು ಕುಳಿತು, ಕ್ಯಾರೆಟ್ಟಿನ ಕಣ್ಣೀರಿಗೆ ಕರಗದೆ ಕಡೆಯ ಗುಂಡಿಯನ್ನೂ ಒತ್ತಿದೆ.

ಅರ್ಧ ಬೆಲೆಯ ಕೂಪನ್ನು ಬಂದದ್ದು ಮಾರನೆಯ ದಿನ. ಹೊಸ ಗಿರಾಕಿಗಳಿಗೆ ಮಾತ್ರ ಎಂದಿತ್ತು. ನನ್ನ ಹೆಸರು ಹಳತಾಗಿತ್ತು, ಯಜಮಾನರದೂ ಹಳತು. ಮನೆಯಲ್ಲಿ ಹೊಸ ಹೆಸರು ಒಂದೇ ಉಳಿದಿತ್ತು. ಈರುಳ್ಳಿ ಮುಟ್ಟದ, ಇಮೇಲ್ ಇಲ್ಲದ, ವೀಸಾ ಮುಗಿಯಲು ಇನ್ನೂ ಎರಡು ತಿಂಗಳಿರುವ ನಮ್ಮತ್ತೆಗೆ ಈಗ ಜಿಮೇಲ್ ಖಾತೆ ಇದೆ. ಅದಕ್ಕೆ ಬಂದ ಮೊದಲ ಪತ್ರವನ್ನು ಮಗ ಓದಿ ಹೇಳಿದರು: ಸ್ವಾಗತ, ನಿಮ್ಮ ಮೊದಲ ಪೆಟ್ಟಿಗೆಯ ಜೊತೆ ಸೀಗಡಿ ಉಚಿತ.